ಘಾಟಿ ದಾಟಲು ಇಟ್ಟ ಪೆಟ್ರೋಲು

ಆತ್-ಬಾಶಿ
3 ಜೂನ್ 1994

ಘಾಟಿಯಾಚೆಯ ಕೊಚ್ಕೋರಿನ ಮಹಾಮಹಿಮ ಶಾರ್ಶೆನ್ ಅಜ್ಜನವರ ಸನ್ನಿಧಾನಕ್ಕೆ, ಆತ್-ಬಾಶಿಯ ಮಿರ್ಲಾನ್ ಎಂಬ ಇಪ್ಪತ್ತು ವರ್ಷದ ಅಪರಿಚಿತನು ಮಾಡುವ ಸಲಾಮುಗಳು.

ಇಲ್ಲಿ ಎಲ್ಲರೂ ಕ್ಷೇಮ, ಒಬ್ಬರನ್ನು ಬಿಟ್ಟು. ಆ ಒಬ್ಬ ನನ್ನ ಅಜ್ಜ ಅಸಾನಾಲಿ. ಯುದ್ಧದಲ್ಲಿ ನೀವು ಮೆಷಿನ್‌ಗನ್ ಹಿಡಿದು ಸೈಡ್‌ಕಾರಿನ ತೊಟ್ಟಿಲಲ್ಲಿ ಕೂತಿರುತ್ತಿದ್ದಾಗ ಪಕ್ಕದಲ್ಲಿ ಮೋಟಾರ್‌ಸೈಕಲ್ ಓಡಿಸುತ್ತಿದ್ದವನು. ಈ ಸುದ್ದಿ ತಿಳಿಸುವ ಭಾರ ನನ್ನ ಮೇಲೆ ಬಿದ್ದಿದೆ, ಏಕೆಂದರೆ ಮನೆಯಲ್ಲಿ ಅಕ್ಷರ ಚೆನ್ನಾಗಿರುವುದು ನನ್ನದೇ. ನನ್ನಲ್ಲಿ ಉಳಿದದ್ದೇನೂ ಚೆನ್ನಾಗಿಲ್ಲ ಎಂಬುದು ಕಾಲಿಚಾ ಅಜ್ಜಿಯ ಅಭಿಪ್ರಾಯ. ಮೊದಲ ಮೊಮ್ಮಗನನ್ನು ಅಜ್ಜ-ಅಜ್ಜಿಗೆ ಬಿಟ್ಟುಕೊಡುವ ನಮ್ಮ ಪದ್ಧತಿಯಂತೆ ಮೂರು ತಿಂಗಳ ಕೂಸಾಗಿದ್ದಾಗಲೇ ನನ್ನನ್ನು ಇಲ್ಲಿಗೆ ಜಮೆ ಮಾಡಲಾಗಿತ್ತು. ವಾಪಸು ಕೇಳಿದವರಿಲ್ಲ.

ಮೇ ಇಪ್ಪತ್ತರ ಮಧ್ಯಾಹ್ನ ಅಜ್ಜ ಅಂಗಳದಲ್ಲಿ ಮೋಟಾರ್‌ಸೈಕಲ್ಲಿನ ಪಕ್ಕ ಕೂತು, ಅಜ್ಜಿಯ ಮರದ ಸೌಟಿನ ಒಂದು ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದನ್ನು ಕಿವಿಗೆ ಹಿಡಿದು ಆಲಿಸುತ್ತಿದ್ದ. ಹಾಗೆಯೇ ಒರಗಿಬಿಟ್ಟ. ಎಂಜಿನ್ ಆಮೇಲೂ ಕಾಲು ಗಂಟೆ ಓಡುತ್ತಿತ್ತು. ನಾವು ಒಳಗೆ ಅದರ ಸದ್ದು ಕೇಳಿಕೊಂಡು, ಇಬ್ಬರೂ ಆರಾಮಾಗಿದ್ದಾರೆ ಅಂದುಕೊಂಡಿದ್ದೆವು.

ಇನ್ನು ಮುಖ್ಯ ವಿಷಯ. ಗಂಡಸು ಸತ್ತರೆ ಅವನ ಕುದುರೆಯ ಬಾಲ ಕತ್ತರಿಸಿ, ಜೀನನ್ನು ಹಿಂದುಮುಂದಾಗಿ ಬಿಗಿದು, ಒಂದು ವರ್ಷ ಯಾರೂ ಹತ್ತದಂತೆ ಬಿಡಬೇಕಷ್ಟೆ. ನಮ್ಮಜ್ಜನಿಗೆ ಕುದುರೆ ಇರಲಿಲ್ಲ. ಸೂತಕಕ್ಕೆಂದು ಎಬ್ಬಿಸಿದ ಕಂಬಳಿ ಗುಡಾರದ ಮುಂದೆ ಹಿರಿಯರ ಸಭೆ ಸೇರಿತು.

"ಅವನು ಜೀವಮಾನವೆಲ್ಲಾ ಹತ್ತಿದ್ದು ಇದನ್ನೇ. ಇದೇ ಅವನ ಕುದುರೆ," ಅಂದಳು ಅಜ್ಜಿ.

"ಅದ್ಸರಿ ಕಾಲಿಚಾ, ಮೋಟಾರ್‌ಸೈಕಲ್ಲಿಗೆ ಬಾಲ ಎಲ್ಲಿದೆ ಕತ್ತರ್ಸೋಕೆ?" ಅಂದರು ಅಜ್ಜನ ದಾಯಾದಿ ಒಸ್ಮೊನ್ ದೊಡ್ಡಪ್ಪ.

"ಹೊಗೆ ಬರೋ ಕಡೆ ನೋಡಿ ದೊಡ್ಡಪ್ಪಾ," ಅಂದೆ ನಾನು.

ಅಜ್ಜಿ ನನ್ನ ಬೆನ್ನಿಗೊಂದು ಬಿಟ್ಟು, ಕುರಿಗತ್ತರಿ ತಂದು ಹಿಂದಿನ ಮಡ್ಗಾರ್ಡಿಗೆ ಜೋತುಬಿದ್ದಿದ್ದ ತೊಗಲಿನ ಪಟ್ಟಿಯನ್ನು ಕತ್ತರಿಸಿ ಹಾಕಿದಳು. ಸೀಟು ಬಿಚ್ಚಿಸಿ ತಿರುವುಮುರುವಾಗಿ ಕೂರಿಸಿದಳು. ಹ್ಯಾಂಡಲ್ಲಿಗೆ ಕರಿ ಬಟ್ಟೆ ಸುತ್ತಿದಳು. ಆದುದರಿಂದ ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಸದರಿ ವಾಹನವು ಬರುವ ಮೇ ಇಪ್ಪತ್ತರವರೆಗೆ ಸೂತಕದ ಕುದುರೆಯಾಗಿದ್ದು, ಅದನ್ನು ಹತ್ತುವುದಾಗಲಿ, ಒದ್ದು ಶುರು ಮಾಡುವುದಾಗಲಿ ಕೂಡದು.

ಅಂದೇ ವರ್ಷದ ಕಾರ್ಯ. ಸಾಯುವುದಕ್ಕೆ ಎರಡು ದಿನ ಮುಂಚೆ ಅಜ್ಜ ಚಹಾ ಕುಡಿಯುತ್ತಾ ಹೇಳಿದ್ದು ಇಷ್ಟೇ: "ನನ್ನ ಕಾರ್ಯಕ್ಕೆ ಶಾರ್ಶೆನ್‌ನ ಕರೀರಿ. ಊಟದಲ್ಲಿ ಅವನಿಗೆ ಸಲ್ಲೋ ತುಂಡು ಸರಿಯಾಗಿ ಕೊಡಿ. ಈ ಸಲ ತಪ್ಪಬೇಡಿ." ಹೋದ ಸಲ ತಪ್ಪಿದ್ದೇನೆಂದು ಅಜ್ಜಿಯನ್ನು ಕೇಳಿದರೆ ಹಿಟ್ಟು ನಾದಲು ಎದ್ದು ಹೋಗುತ್ತಾಳೆ. ತಾವು ದಯಮಾಡಿಸಬೇಕು.

ಇಂತಿ, ಸತ್ತವನ ಪರವಾಗಿ,
ಮಿರ್ಲಾನ್


ಕೊಚ್ಕೋರ್
30 ಜೂನ್ 1994

ಅಸಾನಾಲಿಯ ಮೊಮ್ಮಗನಿಗೆ,

ಪತ್ರ ತಲುಪಿತು. ಸಾವಿನ ಸುದ್ದಿಯನ್ನು ಹೀಗೆ ಬರೆಯುವವರನ್ನು ನಾನು ನೋಡಿರಲಿಲ್ಲ. ಕಾಲಿಚಾಗೆ ನನ್ನ ಸಂತಾಪ ಹೇಳು. ಇಲ್ಲಿ ಕುರಾನ್ ಓದಿಸಿದ್ದೇನೆ. ಕಾರ್ಯಕ್ಕೆ ಬರುವುದಿಲ್ಲ. ಕಾರಣ ಕೇಳಬೇಡ.

ಒಂದು ಪ್ರಶ್ನೆ. ಸೌಟು ಹಿಡಿದು ಆಲಿಸುತ್ತಿದ್ದ ಅಂದೆಯಲ್ಲ, ಯಾವ ಕಡೆಯ ಸಿಲಿಂಡರು?

ಶಾರ್ಶೆನ್


ಆತ್-ಬಾಶಿ
22 ಜುಲೈ 1994

ಪರಮಪೂಜ್ಯ ಪ್ರಶ್ನಕರ್ತರಾದ ಶಾರ್ಶೆನ್ ಅಜ್ಜನವರಿಗೆ,

ಎಡಗಡೆಯದು. ಯಾವಾಗಲೂ ಎಡಗಡೆಯದೇ. "ಇದು ಗೊಣಗುತ್ತೆ ಕಣೋ," ಅನ್ನುತ್ತಿದ್ದ. ರಿಪೇರಿ ಮಾಡು ಅಂದರೆ ಒಪ್ಪುತ್ತಿರಲಿಲ್ಲ. "ಐವತ್ತು ವರ್ಷ ನಿಮ್ಮಜ್ಜಿ ಗೊಣಗಿದಾಳೆ, ಬಿಚ್ಚಿ ನೋಡಿದೀನಾ?" ಅನ್ನುವವನು.

ನಲವತ್ತನೇ ದಿನದ ಊಟ ಮುಗಿಯಿತು. ಜನ ಬಂದರು, ತಿಂದರು, ಹೊಗಳಿದರು. ಹೊಗಳಿಕೆಯಲ್ಲಿ ಅರ್ಧ ಸುಳ್ಳಿತ್ತು. ನಿಜ ಸಂಗತಿಗಳನ್ನು ದಾಖಲೆಗಾಗಿ ತಮಗೆ ಒಪ್ಪಿಸುತ್ತಿದ್ದೇನೆ. ನಿಮ್ಮ ಅಸಾನಾಲಿ ಯುದ್ಧದಿಂದ ಬಂದವನು ಹತ್ತು ವರ್ಷ ಕುರಿ ಕಾದು, ಯುದ್ಧದಲ್ಲಿ ಓಡಿಸಿದ ಮಾದರಿಯದೇ ಒಂದು ಹಳೆಯ ಮೋಟಾರ್‌ಸೈಕಲ್ ಕೊಂಡ. ಹಸಿರು ಬಣ್ಣದ್ದು. ಹೆಸರು ಮಾತ್ರ ಜೀರ್ದೆ, ಅಂದರೆ ಕೆಂಚ. ಕೆಂಚ ಕುದುರೆ ಬೇಕೆಂಬ ಆಸೆಯಿತ್ತಂತೆ. ಹೆಸರನ್ನು ಮೊದಲೇ ಇಟ್ಟುಕೊಂಡಿದ್ದ, ಅದನ್ನು ಹಾಳು ಮಾಡಲು ಮನಸ್ಸಾಗಲಿಲ್ಲ. ಮೂವತ್ತು ವರ್ಷ ಬೆಟ್ಟದ ಮೇಲಿನ ಕುರಿಗಾಹಿಗಳಿಗೆ ಅದರಲ್ಲೇ ಅಂಚೆ ಹೊತ್ತ. ಊರಿಗೆಲ್ಲ ಕಾಗದ ಮುಟ್ಟಿಸಿದವನು ತಾನು ಒಂದು ಸಾಲು ಬರೆದದ್ದನ್ನು ಯಾರೂ ಕಂಡಿಲ್ಲ.

ಚಳಿಗಾಲದಲ್ಲಿ ಸಂಜೆ ಎಂಜಿನ್ ಎಣ್ಣೆ ಇಳಿಸಿ, ಬೆಳಿಗ್ಗೆ ಅಜ್ಜಿಯ ಒಲೆಯ ಮೇಲೆ ಬಿಸಿ ಮಾಡಿ ಮತ್ತೆ ತುಂಬುವವನು. ಒಮ್ಮೆ ಅಜ್ಜಿ ನಿದ್ದೆಗಣ್ಣಿನಲ್ಲಿ ಅದಕ್ಕೇ ಉಪ್ಪು ಹಾಕಿದಳು. "ಇವತ್ತು ರುಚಿಯಾಗಿ ಓಡ್ತು," ಎಂದು ಸಂಜೆ ಹೇಳಿದ. ಬಲಗಿವಿ ಪೂರ್ತಿ ಕಿವುಡು. ಯುದ್ಧದಲ್ಲಿ ಹೋಯಿತು ಎಂದಷ್ಟೇ ಹೇಳಿದ್ದ. ಏನಾದರೂ ಕೇಳಬೇಕಿದ್ದರೆ ಎಡಕ್ಕೆ ಹೋಗಬೇಕಿತ್ತು.

ತೊಟ್ಟಿಲಲ್ಲಿ ಕಾಲಿಡುವ ಜಾಗದಲ್ಲಿ ಹತ್ತು ಲೀಟರಿನ ಒಂದು ಪೆಟ್ರೋಲ್ ಡಬ್ಬಿಯನ್ನು ಹಗ್ಗದಿಂದ ಕಟ್ಟಿರುತ್ತಿದ್ದ. ಪ್ರತಿ ವಸಂತದಲ್ಲಿ ಹಳೆಯದನ್ನು ಟ್ಯಾಂಕಿಗೆ ಸುರಿದು ಡಬ್ಬಿಗೆ ಹೊಸದು ತುಂಬುವವನು. ಹೋದ ಎರಡು ವರ್ಷ ಆತ್-ಬಾಶಿಯಲ್ಲಿ ಪೆಟ್ರೋಲು ಕಣ್ಣಿಗೆ ಬೀಳದೆ, ಜನ ಟ್ರಾಕ್ಟರಿಗೆ ಎತ್ತು ಕಟ್ಟಿ ಎಳೆಸಿದಾಗಲೂ ಅದನ್ನು ಮುಟ್ಟಲಿಲ್ಲ. "ಇದು ಘಾಟಿ ದಾಟೋಕೆ," ಅನ್ನುತ್ತಿದ್ದ. ನಾನು ಹುಟ್ಟಿದ ಮೇಲೆ ಅವನು ಒಮ್ಮೆಯೂ ಘಾಟಿ ದಾಟಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ನಲವತ್ತರ ದಿನ ಪಕ್ಕದ ಮನೆಯ ಬಾತ್ಮಾ ಗುಡಾರದಲ್ಲಿ ಗೋಡೆಗೆ ಮುಖ ಮಾಡಿ ಹಾಡಿ ಅಳುತ್ತಿದ್ದಳು. "ಓ ನನ್ನ ಸಿಂಹವೇ, ಒಂದು ದನಿ ಕೊಡಬಾರದೇ" ಎಂದು ರಾಗ ಎಳೆದಳು. ಅಜ್ಜ ಬದುಕಿದ್ದಾಗ ಅವಳು ಅವನನ್ನು ಕರೆಯುತ್ತಿದ್ದುದು ಹೊಗೆಬುಡ್ಡಿ ಎಂದು. ನನಗೆ ತಡೆಯಲಾಗಲಿಲ್ಲ. ಹೊರಗೆ ಹೋಗಿ ಸೂತಕದ ಕುದುರೆಯ ಹಾರನ್ ಒತ್ತಿದೆ. ಬ್ಯಾಟರಿಯಲ್ಲಿ ಇನ್ನೂ ಜೀವವಿತ್ತು. ಬಾತ್ಮಾ ರಾಗ ಬಿಟ್ಟು ಕಿಟಾರನೆ ಕಿರುಚಿದಳು. ನಾನು ಬೇಲಿಯ ಹಿಂದೆ ಬಿದ್ದು ನಗಲು ತಯಾರಾಗಿದ್ದೆ.

ಅಷ್ಟರಲ್ಲಿ ಅಜ್ಜಿ ಓಡಿ ಬಂದಳು. ಕೈಯಲ್ಲಿ ಅಜ್ಜನ ಚಹಾ ಬಟ್ಟಲು. ತುಂಬಿತ್ತು, ಹಬೆಯಾಡುತ್ತಿತ್ತು. ಅವನು ಮನೆಗೆ ಬರುವಾಗ ತಿರುವಿನಲ್ಲಿ ಹಾರನ್ ಒತ್ತುತ್ತಿದ್ದ. ಇವಳು ಬಟ್ಟಲು ಹಿಡಿದು ಬರುತ್ತಿದ್ದಳು. ಅಂಗಳದ ನಡುವೆ ನಿಂತಳು. ಬಟ್ಟಲು ನೋಡಿದಳು. ನನಗೆ ಬೈಯಲಿಲ್ಲ. "ಕುಡಿ, ಆರಿಹೋಗುತ್ತೆ," ಎಂದು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಕುಡಿದೆ. ಅಂದಿನಿಂದ ಹಾರನ್ನಿನ ಹತ್ತಿರ ಹೋಗಿಲ್ಲ.

ವಿಧೇಯ ಅಪರಾಧಿ,
ಮಿರ್ಲಾನ್


ಕೊಚ್ಕೋರ್
12 ಅಕ್ಟೋಬರ್ 1994

ಮಿರ್ಲಾನ್‌ಗೆ,

ಹಾರನ್ ಒತ್ತಿದ್ದು ತಪ್ಪು. ನಿನ್ನಜ್ಜನೂ ಒತ್ತುತ್ತಿದ್ದ, ಶತ್ರುವಿನ ಸಾಲಿನ ಹತ್ತಿರ, ಸುಮ್ಮನೆ ಖುಷಿಗೆ. ಹೊಡೆತ ತಿಂದಿದ್ದಾನೆ ನನ್ನ ಕೈಲಿ.

ನಿನ್ನಜ್ಜಿ ಹೇಳದ್ದನ್ನು ನಾನೇ ಹೇಳುತ್ತೇನೆ. ನನಗೆ ಬಲಗಾಲಿಲ್ಲ, ಮೊಣಕಾಲಿನ ಕೆಳಗೆ. 1965ರ ಮೇ, ಯುದ್ಧ ಗೆದ್ದ ಇಪ್ಪತ್ತನೇ ವರ್ಷ. ಅಸಾನಾಲಿ ಕುರಿ ಕಡಿದು ಊರಿಗೆಲ್ಲ ಊಟ ಹಾಕಿದ. ನಾನು ಘಾಟಿ ದಾಟಿ ಬಂದೆ. ಯಾರಿಗೆ ಯಾವ ಮೂಳೆ ಸಲ್ಲಬೇಕೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಾನು ಅವನಿಗಿಂತ ಒಂದು ವರ್ಷ ದೊಡ್ಡವನು, ದೂರದಿಂದ ಬಂದವನು. ಸೊಂಟದ ಮೂಳೆ ನನ್ನದು. ಅವನು ಎದ್ದು ನಿಂತು ನನ್ನ ತಟ್ಟೆಗೆ ಕಿರಿಯರಿಗೆ ಸಲ್ಲುವ ಕಾಲಿನ ನಳಿಮೂಳೆ ಹಾಕಿದ. "ತಗೊಳ್ಳೋ ಶಾರ್ಶೆನ್, ನಿಂಗೆ ಒಂದು ಕಾಲು ಕಮ್ಮಿ ಇದೆಯಲ್ಲ," ಅಂದ. ನಲವತ್ತು ಜನ ನಕ್ಕರು.

ಆಸ್ಪತ್ರೆಯಲ್ಲಿ ಇದಕ್ಕಿಂತ ಕೆಟ್ಟ ಮಾತು ಆಡಿಕೊಂಡು ನಾವಿಬ್ಬರೂ ನಕ್ಕಿದ್ದೆವು. ಅವನಿಗೆ ನನ್ನ ಆ ಕಾಲು ಗೊತ್ತಿತ್ತು. ಅದು ಹೋಗುವಾಗ ಪಕ್ಕದಲ್ಲಿದ್ದವನು. ಆ ನಲವತ್ತು ಜನಕ್ಕೆ ಏನು ಗೊತ್ತು? ಮೂಳೆ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಉಪ್ಪಿನ ಲಾರಿಯೊಂದು ಹೊರಟಿತ್ತು, ಹತ್ತಿದೆ. ಸ್ವಲ್ಪ ಹೊತ್ತಿಗೆ ಹಿಂದೆ ಎಂಜಿನ್ ಸದ್ದು. ಯಾರೆಂದು ಹೇಳಬೇಕಾಗಿರಲಿಲ್ಲ. ನಾರಿನ್ ಪೇಟೆ ದಾಟಿತು, ಏರು ಶುರುವಾಯಿತು, ಸದ್ದು ಬರುತ್ತಲೇ ಇತ್ತು. ನಾನು ತಿರುಗಿ ನೋಡಲಿಲ್ಲ. ಎಡ ಕಾರ್ಬ್ಯುರೇಟರ್ ಜಾಸ್ತಿ ಪೆಟ್ರೋಲು ಕುಡಿಯುತ್ತಿದೆ ಎಂದು ಮಾತ್ರ ಅನ್ನಿಸಿತು. ಡೋಲೋನ್ ಘಾಟಿಯ ನೆತ್ತಿ ಇನ್ನೇನು ಬಂತು ಅನ್ನುವಾಗ ಸದ್ದು ನಿಂತಿತು. ಅಲ್ಲಿಗೆ ಸಾಕೆನಿಸಿ ಹಿಂದಿರುಗಿದ.

ಮೂಳೆಯ ಮಾತನ್ನು ನಾನು ಮರೆಯುತ್ತಿದ್ದೆ. ಆ ಸದ್ದು ನಿಂತದ್ದನ್ನು ಮರೆಯಲಾಗಲಿಲ್ಲ. ಆದ್ದರಿಂದ ಬರುವುದಿಲ್ಲ.

ಒಂದು ಪ್ರಶ್ನೆ. ಆ ತೊಟ್ಟಿಲಲ್ಲಿ ಆಮೇಲೆ ಯಾರು ಕೂರುತ್ತಿದ್ದರು?

ಶಾರ್ಶೆನ್


ಆತ್-ಬಾಶಿ
5 ಜನವರಿ 1995

ಪೂಜ್ಯ ಶಾರ್ಶೆನ್ ಅಜ್ಜನವರಿಗೆ,

ಘಾಟಿಯ ಮೇಲೆ ಹಿಮ ಬಿದ್ದು ಅಂಚೆ ನಿಂತಿದೆ. ಈ ಪತ್ರ ತಮ್ಮ ಕೈಸೇರುವಾಗ ನನಗೆ ಗಡ್ಡ ಬಂದಿರಲೂಬಹುದು.

ಉತ್ತರ: ಯಾರೂ ಕೂರುತ್ತಿರಲಿಲ್ಲ. ಅಂಚೆ ಚೀಲ, ಕರು, ಹುಲ್ಲಿನ ಕಟ್ಟು, ಒಮ್ಮೆ ಮೇಷ್ಟರ ಹಾರ್ಮೋನಿಯಂ. ಮನುಷ್ಯರಿಗೆ ಪ್ರವೇಶವಿರಲಿಲ್ಲ. ಯಾರಾದರೂ ಕಾಲಿಡಲು ಹೋದರೆ, "ಅಲ್ಲಿ ಜನ ಇದಾರೆ, ಹಿಂದೆ ಕೂತ್ಕೊ," ಅನ್ನುವವನು. ಎಲುಬು ಕೊರೆಯುವ ಚಳಿಯಲ್ಲೂ ನಾನು ಅವನ ಬೆನ್ನಿಗಂಟಿಕೊಂಡೇ ಶಾಲೆಗೆ ಹೋದದ್ದು. ಪಕ್ಕದಲ್ಲಿ ತೊಟ್ಟಿಲು ಖಾಲಿ, ಅದರ ಮೇಲೆ ಕಂಬಳಿ ಬೇರೆ ಹೊದಿಸಿರುತ್ತಿದ್ದ. ಅಜ್ಜನಿಗೆ ತಲೆ ಸ್ವಲ್ಪ ಆ ಕಡೆ ಎಂದುಕೊಂಡಿದ್ದೆ. ತಮ್ಮ ಪತ್ರ ಬಂದ ಮೇಲೆ ಹಾಗನ್ನಿಸುತ್ತಿಲ್ಲ.

ಈಗ ತುರ್ತು ವಿಷಯ. ಸತ್ತವನ ಕುದುರೆಯನ್ನು ವರ್ಷದ ಕಾರ್ಯಕ್ಕೆ ಕಡಿದು, ಬಂದವರಿಗೆ ಅವರವರ ಯೋಗ್ಯತೆಯಂತೆ ಹಂಚಬೇಕಲ್ಲ? ಒಸ್ಮೊನ್ ದೊಡ್ಡಪ್ಪ ಅದನ್ನೇ ಹಿಡಿದುಕೊಂಡಿದ್ದಾರೆ. ಜೀರ್ದೆಯನ್ನು ಬಿಚ್ಚಿ ಹಂಚಬೇಕಂತೆ. ಅಜ್ಜಿ ತಡೆಯುತ್ತಿಲ್ಲ. "ಕಡೀದೇ ಇದ್ರೆ ಅವನು ಆ ಲೋಕದಲ್ಲಿ ನಡ್ಕೊಂಡು ಹೋಗ್ಬೇಕಾಗುತ್ತಲ್ಲೋ. ಅವನೆಲ್ಲೂ ನಡೆದೋನಲ್ಲ," ಎಂದು ನನ್ನ ಹತ್ತಿರ ಮಾತ್ರ ಹೇಳಿದಳು. ಹಂಚಿಕೆ ಆಗಲೇ ನಡೆದಿದೆ. ಹೆಡ್‌ಲೈಟು ಕುದುರೆಯ ತಲೆಯ ಲೆಕ್ಕದಲ್ಲಿ ಮುಲ್ಲಾಗೆ, ಹೆಣ್ಣುಮಕ್ಕಳ ಪಾಲಿನ ಬಾಲದ ತುಂಡಿಗೆ ಬದಲಾಗಿ ಸೈಲೆನ್ಸರು ಬಾತ್ಮಾಗೆ. ಸೈಲೆನ್ಸರ್ ಅವಳಿಗೆ ಅತ್ಯಗತ್ಯ ಎಂದು ನಾನೂ ಅನುಮೋದಿಸಿದೆ.

ತೊಟ್ಟಿಲು ನಿಮ್ಮದು ಎಂದೆ. ದೊಡ್ಡಪ್ಪ ನಕ್ಕರು. "ಬರದೇ ಇರೋನಿಗೆ ಪಾಲೆಲ್ಲಿದ್ಯೋ? ಮೂವತ್ತು ವರ್ಷದಿಂದ ಬಂದಿಲ್ಲ, ಈಗ ಬರ್ತಾನಾ? ಅದು ನನಗಿರ್ಲಿ. ನಮ್ಮ ಕೋಳಿಗಳು ಮೊಟ್ಟೆ ಇಡೋಕೆ ಅಳತೆ ಕೊಟ್ಟು ಮಾಡ್ಸಿದ ಹಾಗಿದೆ."

ಸ್ವಾಮೀ, ಮೇ ಇಪ್ಪತ್ತರೊಳಗೆ ತಾವು ಬಂದು ಅದರಲ್ಲಿ ಕೂರದಿದ್ದರೆ ಕೋಳಿ ಕೂರುತ್ತದೆ. ನನ್ನದೊಂದು ಸ್ವಾರ್ಥವೂ ಇದೆ. ಅವನಿದ್ದದ್ದಕ್ಕೆ ಗುರುತಾಗಿ ಇನ್ನು ಉಳಿದಿರುವುದು ಇದೊಂದೇ. ಬಿಚ್ಚಿ ಹಂಚಿದ ಮೇಲೆ ಮುಲ್ಲಾನ ಮನೆಯಲ್ಲಿ ದೀಪ ನೋಡಿ ಅಜ್ಜಾ ಎನ್ನಲೇ?

ಮಿರ್ಲಾನ್


ಕೊಚ್ಕೋರ್
18 ಮಾರ್ಚ್ 1995

ಮಿರ್ಲಾನ್,

ಕೋಳಿ ಬೇಡ. ಬೇರೆ ಯಾರಿಗಾದರೂ ಕೊಡಲಿ, ಕೋಳಿಗೆ ಬೇಡ.

ನಲವತ್ತನಾಲ್ಕರ ಆಗಸ್ಟು, ಪೋಲೆಂಡಿನ ಒಂದು ಹಳ್ಳಿ. ಜನ ಬಿಟ್ಟುಹೋಗಿದ್ದರು. ನಾವಿಬ್ಬರೇ ಮುಂದೆ, ದಾರಿ ನೋಡಿಬರಲು. ಅವನು ಹಾಡುತ್ತಿದ್ದ, ಕರ್ಕಶವಾಗಿ. ಎಡಗಡೆಯಿಂದ ಒಂದು ಕೋಳಿ ಅಡ್ಡ ಬಂತು. ಕರಿ ಕೋಳಿ, ಹಿಂದೆ ಮರಿಗಳು. ಅವನು ಬಲಕ್ಕೆ ತಿರುಗಿಸಿದ. ತೊಟ್ಟಿಲ ಚಕ್ರ ರಸ್ತೆಯಂಚಿಗೆ ಇಳಿಯಿತು. ನೆಲಬಾಂಬು ಅಲ್ಲಿತ್ತು.

ನನ್ನ ಕಾಲು, ಅವನ ಬಲಗಿವಿ. ಕೋಳಿಗೆ ಏನೂ ಆಗಲಿಲ್ಲ. ಒಡೆದ ಗಾಡಿಯಲ್ಲೇ ಹನ್ನೊಂದು ಕಿಲೋಮೀಟರು ನನ್ನನ್ನು ಹಿಂದಕ್ಕೆ ತಂದ. ದಾರಿಯುದ್ದಕ್ಕೂ ನಾನು ಕೂಗಿ ಹೇಳುತ್ತಿದ್ದೆ, ನಿಂದೇನೂ ತಪ್ಪಿಲ್ಲ ಕಣೋ, ನಾನಾಗಿದ್ದರೂ ಕೋಳಿನ ಉಳಿಸ್ತಿದ್ದೆ ಎಂದು. ಬಹಳ ವರ್ಷದ ಮೇಲೆ ಹೊಳೆಯಿತು: ನಾನಿದ್ದದ್ದು ಅವನ ಬಲಕ್ಕೆ. ಆ ಕಿವಿ ಆಗಲೇ ಹೋಗಿತ್ತು. ಒಂದು ಮಾತೂ ಕೇಳಿಸಿರಲಾರದು.

ಆಸ್ಪತ್ರೆಯಲ್ಲಿ ಆ ಮಾತನ್ನು ಮತ್ತೆ ಹೇಳಲಿಲ್ಲ. ಅಲ್ಲಿ ಬರೀ ತಮಾಷೆ ಮಾಡಿದೆವು.

ಘಾಟಿ ದಾಟುವ ಬಸ್ಸು ನಿಂತು ಎರಡು ವರ್ಷವಾಯಿತು. ನನಗೆ ಎಪ್ಪತ್ತಮೂರು. ಹೆಂಡತಿ ತೀರಿಕೊಂಡು ಆರು ವರ್ಷ. ಬರಲು ನನ್ನಿಂದಾಗದು.

ಶಾರ್ಶೆನ್


ಆತ್-ಬಾಶಿ
20 ಏಪ್ರಿಲ್ 1995

ಶಾರ್ಶೆನ್ ಅಜ್ಜಾ,

ಈ ಸಲ ನೀವು ಪ್ರಶ್ನೆ ಕೇಳಿಲ್ಲ. ಎರಡು ಸಲ ಹಾಳೆ ತಿರುಗಿಸಿ ನೋಡಿದೆ. ಪ್ರಶ್ನೆಯಿಲ್ಲದಿದ್ದರೆ ನಾನು ಯಾವ ನೆಪದಲ್ಲಿ ಬರೆಯಲಿ?

ನಮ್ಮ ಮನೆಯಲ್ಲಿ ಕೋಳಿ ಯಾಕೆ ಕುಯ್ಯುತ್ತಿರಲಿಲ್ಲ ಎಂದು ಈಗ ಗೊತ್ತಾಯಿತು. ಹಲ್ಲಿಗೆ ಸಿಕ್ಕಿಕೊಳ್ಳುತ್ತೆ ಅನ್ನುತ್ತಿದ್ದ.

ಮೊನ್ನೆ ಒಸ್ಮೊನ್ ದೊಡ್ಡಪ್ಪನ ಟೋಪಿಯೊಳಗೆ ಗಟ್ಟಿ ಮೊಸರು ತುಂಬಿಟ್ಟೆ. ಒಳ್ಳೆಯ ಮೊಸರು. ಅವರು ಮುಲ್ಲಾನ ಎದುರಿಗೇ ಅದನ್ನು ತಲೆಗೆ ಹಾಕಿಕೊಂಡರು. ಇಂಥ ಹೊತ್ತಿನಲ್ಲಿ ಅಜ್ಜ ಕೊಟ್ಟಿಗೆಯ ಗೋಡೆಯ ಹಿಂದೆ, ನಗು ತಡೆಯಲು ತನ್ನ ತೋಳು ತಾನೇ ಕಚ್ಚಿಕೊಂಡು ನಿಂತಿರುತ್ತಿದ್ದ. ನಾನು ಅಭ್ಯಾಸಬಲದಿಂದ ಆ ಕಡೆ ತಿರುಗಿದೆ. ಗೋಡೆ ಇತ್ತು.

ಮೇ ಇಪ್ಪತ್ತು, ಶನಿವಾರ. ನೆನಪಿರಲಿ.

ಮಿರ್ಲಾನ್


ಡೋಲೋನ್ ಘಾಟಿ
22 ಮೇ 1995

ಶಾರ್ಶೆನ್ ಅಜ್ಜಾ,

ಈ ಪತ್ರಕ್ಕೆ ಅಂಚೆಚೀಟಿ ಇಲ್ಲ. ನಾನೇ ತಂದು ಕೊಡುತ್ತೇನೆ. ನೀವಿದನ್ನು ಓದುವಾಗ ನಿಮ್ಮ ಗೇಟಿನ ಹತ್ತಿರ ಒಂದು ಕಾಲು ಹೊರಗಿಟ್ಟು ನಿಂತಿರುತ್ತೇನೆ. ಬಾಯಿಂದ ಹೇಳಲು ಹೋದರೆ ತಮಾಷೆ ಮಾಡಿಬಿಡುತ್ತೇನೆ, ಅದಕ್ಕೆ.

ನೀವು ಬರಲಿಲ್ಲ. ನಾನು ಬೆಳಿಗ್ಗೆಯಿಂದ ರಸ್ತೆ ನೋಡುತ್ತಿದ್ದೆ. ಊಟವಾಯಿತು. ದೊಡ್ಡಪ್ಪ ತೋಳು ಮಡಚಿ, "ಪಾನಾ ತನ್ರೋ," ಅಂದರು. ಪಾನಾ ಇರಲಿಲ್ಲ. ಪಕ್ಕದ ಮನೆಯಲ್ಲೂ ಇರಲಿಲ್ಲ. ಆತ್-ಬಾಶಿಯ ಆ ತುದಿಯಿಂದ ಈ ತುದಿಯವರೆಗೆ ಒಂದು ವಾರದಿಂದ ಯಾರ ಮನೆಯಲ್ಲೂ ಹದಿನಾಲ್ಕನೇ ನಂಬರಿನ ಪಾನಾ ಇಲ್ಲವೆಂದು ಗೊತ್ತಾಯಿತು. ಎಂಥ ವಿಚಿತ್ರ ಎಂದು ನಾನೂ ಗಲ್ಲಕ್ಕೆ ಕೈಹಚ್ಚಿ ಕೂತೆ.

"ನಿನ್ನ ಹಾಸಿಗೆ ಯಾಕೋ ಗಲಗಲ ಅನ್ನುತ್ತೆ?" ಅಂದಳು ಅಜ್ಜಿ.

ಒಟ್ಟು ಮೂವತ್ತೊಂದು ಸಿಕ್ಕವು. ದೊಡ್ಡಪ್ಪ ತೊಟ್ಟಿಲಿನ ಮೊದಲ ನಟ್ಟಿಗೆ ಪಾನಾ ಕೊಟ್ಟರು. ಆಗ ಅಜ್ಜಿ ಎದ್ದಳು. ಸೊಂಟದ ಮೂಳೆಯ ತಟ್ಟೆಯನ್ನು ಯಾರಿಗೂ ಬಡಿಸದೆ ಪಕ್ಕದಲ್ಲಿಟ್ಟುಕೊಂಡಿದ್ದಳು. ನೇರ ಹೋಗಿ ಅದನ್ನು ತೊಟ್ಟಿಲಿನ ಸೀಟಿನ ಮೇಲಿಟ್ಟಳು.

"ಯಾರಿಗೇ ಅದು?" ಅಂದರು ದೊಡ್ಡಪ್ಪ.

"ಅಲ್ಲಿ ಜನ ಇದಾರೆ. ಕೈ ತೆಗಿ, ಒಸ್ಮೊನ್. ಸವಾರಿ ಮುಗಿದ ಕುದುರೇನ ಕಡೀಬೇಕು. ಇದಕ್ಕೊಂದು ಸವಾರಿ ಬಾಕಿ ಇದೆ."

ಆಮೇಲೆ ಕರಿ ಬಟ್ಟೆ ಬಿಚ್ಚಿದಳು. ಸೀಟನ್ನು ನೆಟ್ಟಗೆ ಮಾಡಿ ಕೂರಿಸು ಎಂದು ನನಗೆ ಸನ್ನೆ ಮಾಡಿದಳು. ತೊಟ್ಟಿಲೊಳಗಿನ ಡಬ್ಬಿಯನ್ನು ಟ್ಯಾಂಕಿಗೆ ಸುರಿಯಲು ಹೋದೆ. ಕೈ ಹಿಡಿದಳು. "ಅದನ್ನ ಇಲ್ಲಿ ಮುಟ್ಟಬೇಡ. ಅದು ಮೇಲಕ್ಕೆ." ಹಿಂದೆ ನೀವು ಎದ್ದು ಹೋದ ಊಟದ ದಿನ ಏನಾಯಿತೆಂದು ಆಗ ಹೇಳಿದಳು, ಮೂವತ್ತು ವರ್ಷದಲ್ಲಿ ಮೊದಲ ಸಲ. ಅವಳ ಮಾತಲ್ಲೇ ಬರೆಯುತ್ತೇನೆ:

"ಶಾರ್ಶೆನ್ ಎದ್ದು ಹೋದ. ಇವನು ಇದ್ದ ಬಟ್ಟೇಲೇ ಗಾಡಿ ಹತ್ತಿ ಹಿಂದೆ ಓಡಿದ, ಟ್ಯಾಂಕಲ್ಲಿ ಎಷ್ಟಿದೆ ಅಂತಾನೂ ನೋಡ್ಲಿಲ್ಲ. ಘಾಟಿ ತುದೀಲಿ ಪೆಟ್ರೋಲು ಮುಗೀತಂತೆ. ಇಳಿಜಾರಲ್ಲಿ ಜಾರಿಸ್ಕೊಂಡು, ಸಪಾಟಲ್ಲಿ ತಳ್ಕೊಂಡು, ಮೂರನೇ ದಿನ ಮನೆಗೆ ಬಂದ. ಅಂಗೈ ಸುಲಿದಿತ್ತು. ಮಾರನೇ ದಿನಾನೇ ಈ ಡಬ್ಬಿ ಕಟ್ಟಿದ. ಪ್ರತಿ ವಸಂತ 'ಈ ವರ್ಷ ಹೋಗ್ತೀನಿ' ಅಂತ ತುಂಬ್ಸೋನು. ಹೋಗಿ ಏನ್ ಹೇಳೋದು ಅಂತ ಗೊತ್ತಾಗ್ದೆ ಹುಲ್ಲು ಕೊಯ್ಯೋ ಕಾಲ ಬಂದ್ಬಿಡೋದು."

ಈಗ ಆ ತುದಿಯಲ್ಲೇ ಕೂತು ಬರೆಯುತ್ತಿದ್ದೇನೆ. ಇನ್ನೂ ಹಿಮವಿದೆ, ಬೆರಳು ಮಡಚುತ್ತಿಲ್ಲ. ಒಂದು ತೆರೆದ ಆಕಾಶ, ನಾಲ್ಕು ಕಾಗೆ, ನಾನು. ಊರಲ್ಲಿ ಮನೆಮನೆ ಬೇಡಿ ಸಿಕ್ಕಿದ್ದ ಪೆಟ್ರೋಲು ಇಲ್ಲಿಗೆ ಮುಗಿಯಿತು. ಎಡಗಡೆಯದು ಕುಡಿದುಬಿಟ್ಟಿತು. ಡಬ್ಬಿಯ ಹಗ್ಗ ಬಿಚ್ಚಿದ್ದೇನೆ. ಅವನ ಗಂಟು ಗಟ್ಟಿ, ಹಲ್ಲಿನಿಂದ ಬಿಚ್ಚಬೇಕಾಯಿತು.

ಇನ್ನು ದಾಟುತ್ತೇನೆ.

ಮಿರ್ಲಾನ್


ಕೊಚ್ಕೋರ್
24 ಮೇ 1995

ಅಸಾನಾಲಿ,

ನಿನ್ನ ಮೊಮ್ಮಗ ಮೊನ್ನೆ ಬಂದ. ಊರಾಚೆಯ ಸೇತುವೆಯ ಹತ್ತಿರ ಇರುವಾಗಲೇ ಸದ್ದು ಕೇಳಿತು. ಎಡ ಕಾರ್ಬ್ಯುರೇಟರನ್ನು ಇಷ್ಟು ವರ್ಷವೂ ಸರಿಮಾಡಿಲ್ಲವಲ್ಲ ನೀನು. ಊರುಗೋಲು ಕೈಗೆ ಸಿಗಲಿಲ್ಲ. ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದೆ.

ಪತ್ರ ಕೊಟ್ಟ. ಓದಿದೆ. ಆಮೇಲೆ ಕಾಲಿಚಾ ಕಟ್ಟಿಕೊಟ್ಟ ಗಂಟು ಕೊಟ್ಟ. ಸೊಂಟದ ಮೂಳೆ. ನನಗೆ ಸಲ್ಲಬೇಕಾದ ತುಂಡೇ. ಈ ಸಲ ತಪ್ಪಿಲ್ಲ. ಅದರ ಕೆಳಗೆ ಹಳೆಯ ಪೇಪರಿನಲ್ಲಿ ಸುತ್ತಿದ ಇನ್ನೊಂದು ಇತ್ತು. ಬಿಚ್ಚಿದೆ. ನಳಿಮೂಳೆ. ಹುಡುಗ ಗೇಟಿನ ಹತ್ತಿರ ಓಡಲು ತಯಾರಾಗಿ ನಿಂತಿದ್ದ. ಮುಖ ಮುಲ್ಲಾನ ಹಾಗೆ ಗಂಭೀರ, ತುಟಿ ಮಾತ್ರ ನಡುಗುತ್ತಿತ್ತು.

"ಅಜ್ಜಿ ಇಟ್ಟದ್ದಲ್ಲ ಅದು," ಅಂದ. "ಅಜ್ಜಂದು. ನೀವು ಬಿಟ್ಟು ಹೋಗಿದ್ರಂತಲ್ಲ."

ನಲವತ್ತು ಜನ ಇರಲಿಲ್ಲ. ಅವನು, ನಾನು, ನನ್ನ ನಾಯಿ. ನಕ್ಕೆ ಕಣೋ. ಹೊಸ್ತಿಲ ಮೇಲೆ ಕುಸಿದು ಕೂತು ನಕ್ಕೆ. ನಿಲ್ಲಿಸಲು ಹೋದೆ, ಅದು ಬೇರೆ ಏನೋ ಆಯಿತು. ಹುಡುಗ ಬಂದು ನನ್ನ ಎಡಗಡೆ ಕೂತ. ಬಹಳ ಹೊತ್ತು ಏನೂ ತಮಾಷೆ ಮಾಡಲಿಲ್ಲ.

ನಿನ್ನೆ ತೊಟ್ಟಿಲಲ್ಲಿ ಕೂತೆ. ಕಂಬಳಿ ಹೊದಿಸಿದ್ದೀಯೆ, ಚೆನ್ನಾಗಿದೆ. ಊರು ಸುತ್ತಿಸಿದ. ಬಲ ತಿರುವಿನಲ್ಲಿ ನಿನ್ನಷ್ಟೇ ಕೆಟ್ಟದಾಗಿ ಓಡಿಸುತ್ತಾನೆ. ಅಂಗಡಿಯ ಹತ್ತಿರ ಒಂದು ಕೋಳಿ ಅಡ್ಡ ಬಂತು. ಗಾಡಿ ನಿಲ್ಲಿಸಿ, ಟೋಪಿ ತೆಗೆದು ಅದಕ್ಕೆ ಸಲಾಮು ಮಾಡಿದ. ಅದು ದಾಟುವವರೆಗೂ ಟೋಪಿ ಕೈಯಲ್ಲೇ ಹಿಡಿದಿದ್ದ. ನಾನು ಎಡಕ್ಕೆ ತಿರುಗಿ ಆ ಹಳೆಯ ಮಾತನ್ನು ಹೇಳಿದೆ, ತಪ್ಪು ನಿನ್ನದಲ್ಲ ಎಂದು. ಅವನಿಗೆ ಕೇಳಿಸಿತು. "ಹೇಳ್ತೀನಿ," ಅಂದ.

ತೊಟ್ಟಿಲನ್ನು ಬಿಚ್ಚಿಸಲಿಲ್ಲ. ಅದೊಂದನ್ನೇ ಇಟ್ಟುಕೊಂಡು ಏನು ಮಾಡಲಿ, ಕೋಳಿಗೂಡೇ ಆಗುವುದು. ಡಬ್ಬಿ ತುಂಬಿಸಿ ಕಟ್ಟಿಸಿದ್ದೇನೆ, ಪೆಟ್ರೋಲು ಎಲ್ಲಿಂದ ಬಂತೆಂದು ಕೇಳಬೇಡ. ನಾಳೆ ಬೆಳಿಗ್ಗೆ ಹೊರಡುತ್ತಾನೆ. ಬಾಗಿಲಲ್ಲಿ ನಿಂತಿರುತ್ತೇನೆ, ಸದ್ದು ಕೇಳುವಷ್ಟು ಹೊತ್ತು. ಆಮೇಲೆ ಒಳಗೆ ಹೋಗಬೇಕು. ಒಳಗೆ ಯಾರೂ ಇಲ್ಲ.

ಈ ಕಾಗದವನ್ನು ನಿನ್ನ ಗೋರಿಯ ಮುಂದೆ ಗಂಭೀರವಾಗಿ ಓದು ಎಂದು ಅವನಿಗೆ ಹೇಳಿದ್ದೇನೆ. ನಂಬಿಕೆಯಿಲ್ಲ. ಎಡಗಡೆ ನಿಂತು ಓದು ಎಂದೂ ಹೇಳಿದ್ದೇನೆ.

ಆವತ್ತು ಲಾರಿಯಲ್ಲಿ, ನಿಲ್ಲಿಸಪ್ಪಾ ಎನ್ನುವ ಮಾತು ನನ್ನ ಬಾಯಲ್ಲೇ ಇತ್ತು. ಇನ್ನೊಂದು ತಿರುವು ನೀನು ಬಂದಿದ್ದರೆ ಸಾಕಿತ್ತು.

ಒಂದು ಪ್ರಶ್ನೆ. ಪೆಟ್ರೋಲು ಮುಗಿಯಿತು, ಸರಿ. ಹಾರನ್ ಇತ್ತಲ್ಲೋ. ಯಾಕೆ ಒತ್ತಲಿಲ್ಲ?

ಶಾರ್ಶೆನ್